ಎರಡು ದಸರೆ, ಎರಡು ಬೆಳಕು

ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ದಸರೆಯೆಂದರೆ ಅರಮನೆಯ ದೀಪಾಲಂಕಾರ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಜನರಿಂದ ಏಳುತ್ತಿದ್ದ ಉದ್ಗಾರ ಇನ್ನೂ ನನ್ನ ಕಿವಿಯಲ್ಲಿದೆ. ಕೇಂದ್ರ ಸರ್ಕಾರದ ನೌಕರಿ ನನ್ನನ್ನು ನಾಗಪುರಕ್ಕೆ ತಂದು ಏಳು ವರ್ಷಗಳಾದವು. ಪ್ರತಿ ವಿಜಯದಶಮಿಯಂದೂ ಮಗಳಿಗೆ ಆ ಬೆಳಕನ್ನು ಬಣ್ಣಿಸುತ್ತ ಬಂದವನು, ಮನೆಯಿಂದ ಮೂರೇ ಕಿಲೋಮೀಟರ್ ದೂರದ ದೀಕ್ಷಾಭೂಮಿಯ ಬೆಳಕಿಗೆ ಅವಳನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ. ಜನಸಂದಣಿಯೆಂಬುದು ನನ್ನ ನೆಪವಾಗಿತ್ತು. ಕಳೆದ ದಸರೆಯಲ್ಲಿ ಅವಳು ಹಟ ಹಿಡಿದಳು. ಸಂಜೆ ಮೂವರೂ ಹೊರಟೆವು.

ಮೈಸೂರಿನ ಬೆಳಕಿಗೊಂದು ಚರಿತ್ರೆಯಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ, ಮೈಸೂರು 1908ರಲ್ಲಿ. ಹಳ್ಳಿಗಳ ಸರದಿ ದಶಕಗಳ ನಂತರ ಬಂತು. ನಮ್ಮೂರಿನಲ್ಲಿ ಕಂಬಗಳು ಊರಂಚಿಗೆ ಬಂದು ನಿಂತುಬಿಟ್ಟವೆಂದೂ ಆಚೆಯ ಕೇರಿಗೆ ತಂತಿ ಹಾಯಲು ಮತ್ತೆಷ್ಟೋ ವರ್ಷ ಹಿಡಿಯಿತೆಂದೂ ಅಪ್ಪ ಹೇಳುತ್ತಿದ್ದರು. ಅದು ಹಾಗೇಕಾಯಿತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಗಪುರದ ಬೆಳಕು ಆ ಆಚೆಯ ಕೇರಿಯವರದು. 1956ರ ಅಕ್ಟೋಬರ್ 14, ವಿಜಯದಶಮಿ. ಡಾ. ಬಿ.ಆರ್. ಅಂಬೇಡ್ಕರರು ಪತ್ನಿ ಸವಿತಾ ಅವರೊಡನೆ ಭಿಕ್ಷು ಚಂದ್ರಮಣಿಯವರಿಂದ ಇಲ್ಲಿ ಬೌದ್ಧ ದೀಕ್ಷೆ ಪಡೆದರು. ಬಳಿಕ ನೆರೆದಿದ್ದ ಲಕ್ಷಾಂತರ ಜನರಿಗೆ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬೋಧಿಸಿದರು. ನಾಗಪುರವೇ ಏಕೆಂಬುದನ್ನು ಮರುದಿನದ ಭಾಷಣದಲ್ಲಿ ವಿವರಿಸಿದರು: ಬೌದ್ಧ ಧರ್ಮವನ್ನು ಹರಡಿದ ನಾಗರ ನೆಲವಿದು ಎಂಬುದು ಅವರ ಉತ್ತರ. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, ಅವರು ತೀರಿಕೊಂಡರು. ಇಂದಿನ ಸ್ತೂಪವನ್ನು 2001ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉದ್ಘಾಟಿಸಿದರು. ಸಾಂಚಿಯ ಸ್ತೂಪದಂತಲ್ಲದೆ ಇದರ ಒಡಲು ಪೊಳ್ಳು. ಜನ ಒಳಹೊಕ್ಕು ನಿಲ್ಲಬಹುದು.

1956 ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಏಕೀಕರಣ. ದೀಕ್ಷೆಯ ಹದಿನೆಂಟು ದಿನಗಳ ನಂತರ, ನವೆಂಬರ್ 1ರಂದು, ನಮ್ಮ ನಾಡು ಒಂದಾಯಿತು. ಅಂದೇ ನಾಗಪುರ ಮಧ್ಯಪ್ರದೇಶದ ರಾಜಧಾನಿಯ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ಈ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಅಂಬೇಡ್ಕರರು ಆರಿಸಿಕೊಂಡ ದಿನ ಅಶೋಕನು ಬೌದ್ಧನಾದ ದಿನವೆಂಬ ನಂಬಿಕೆಯಿದೆ. ಅದಕ್ಕೇ ಅದು ಅಶೋಕ ವಿಜಯದಶಮಿ. ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಖಚಿತಪಡಿಸಿದ್ದು ರಾಯಚೂರು ಸೀಮೆಯ ಮಸ್ಕಿಯ ಬಂಡೆ. 1915ರಲ್ಲಿ ಅದನ್ನು ಗುರುತಿಸಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಕೋಲಾರದಲ್ಲಿ ಚಿನ್ನಕ್ಕಾಗಿ ದೀಪ ಬಂತು. ಮಸ್ಕಿಯಲ್ಲಿ ಚಿನ್ನದವನಿಗೆ ಒಂದು ಹೆಸರು ಸಿಕ್ಕಿತು.

ಅಂದು ರಾತ್ರಿ ಸ್ತೂಪದ ಬಿಳಿಯ ಗುಮ್ಮಟ ಬೆಳಕಿನಲ್ಲಿ ತೊಯ್ದಿತ್ತು. ಆದರೆ ಜನ ಕಿಕ್ಕಿರಿದಿದ್ದುದು ಪುಸ್ತಕದ ಮಳಿಗೆಗಳ ಮುಂದೆ. ಅಲ್ಲಿ ಕನ್ನಡ ಕಿವಿಗೆ ಬಿತ್ತು. ಬಿಳಿ ಸೀರೆಯ ಹಿರಿಯರೊಬ್ಬರನ್ನು ಮಗಳು, “ಅಜ್ಜಿ, ದೀಪ ನೋಡೋಕೆ ಬಂದ್ರಾ?” ಎಂದು ಕೇಳಿದಳು.

“ನಾವು ಬೀದರ್ ಕಡಿಯೋರವ್ವ, ವರ್ಷಾ ಬರ್ತೀವಿ. ದೀಪ ನೋಡಾಕಲ್ಲ, ಪುಸ್ತಕ ಒಯ್ಯಾಕ. ನನಗ ಓದಾಕ ಬರಂಗಿಲ್ಲ. ಮೊಮ್ಮಗ ಓದ್ತಾನ, ನಾ ಕೇಳ್ತೀನಿ.”

ಇಂಗ್ಲಿಷ್ ಎಂ.ಎ. ಓದಿದ ನನ್ನ ಕೈ ಬರಿದಾಗಿತ್ತು. ಏಳು ವರ್ಷ ನನ್ನನ್ನು ತಡೆದದ್ದು ಜನಸಂದಣಿಯಲ್ಲ, ಇದು ನಮ್ಮ ದಸರೆಯಲ್ಲವೆಂಬ ಭಾವ. ಊರಂಚಿನ ಕೊನೆಯ ಕಂಬ ನನ್ನೊಳಗೂ ನೆಟ್ಟಿತ್ತು. ಮಳಿಗೆಯಲ್ಲಿ ಎರಡು ಪುಸ್ತಕ ಕೊಂಡೆವು. ಮರಳುವ ದಾರಿಯಲ್ಲಿ ಮಗಳು, “ಅಪ್ಪಾ, ನಿಮ್ಮೂರಿನ ಆ ಕೇರಿಗೆ ಕರೆಂಟು ಯಾವಾಗ ಬಂತು?” ಎಂದಳು. ಅಪ್ಪನಿಗೆ ಫೋನು ಮಾಡಿ ಕೇಳಬೇಕಾಯಿತು.