ಯಾತ್ರೋತ್ಸವದ ರಂಗದಲ್ಲಿ ಒಂದು ರಾಜಶಾಸನ: ಯಶಃಪಾಲನ ‘ಮೋಹರಾಜಪರಾಜಯ’

ಸಂಸ್ಕೃತ ನಾಟಕಗಳ ಪ್ರಸ್ತಾವನೆಯನ್ನು ಓದುಗರು ಸಾಮಾನ್ಯವಾಗಿ ಬೇಗನೆ ದಾಟಿಹೋಗುತ್ತಾರೆ. ಕಥೆಯಿನ್ನೂ ಆರಂಭವಾಗದ ಆ ಭಾಗದಲ್ಲಿ ಸೂತ್ರಧಾರನು ಕವಿಯ ಹೆಸರನ್ನೂ ಪ್ರಯೋಗದ ಸಂದರ್ಭವನ್ನೂ ತಿಳಿಸುತ್ತಾನೆ. ರಂಗಭೂಮಿಯ ಇತಿಹಾಸವನ್ನು ಅರಸುವವರಿಗೆ ಆ ಕೆಲವು ವಾಕ್ಯಗಳೇ ಅಮೂಲ್ಯವಾದ ಆಕರ. ಶ್ರೀಹರ್ಷನ ‘ರತ್ನಾವಳಿ’ ವಸಂತೋತ್ಸವಕ್ಕಾಗಿ, ಭವಭೂತಿಯ ‘ಮಾಲತೀಮಾಧವ’ ಕಾಲಪ್ರಿಯನಾಥನ ಯಾತ್ರೆಗಾಗಿ ರಂಗಕ್ಕೆ ಬಂದುವೆಂಬುದು ತಿಳಿದುಬರುವುದು ಅಲ್ಲಿಂದಲೇ. ನಾಟಕವೆಂಬುದು ಅರಮನೆಯ ರಸಿಕರಿಗೆ ಮಾತ್ರ ಮೀಸಲಾದ ವಿನೋದವಾಗಿರದೆ, ಹಬ್ಬದ ಬಿಡುವಿನಲ್ಲಿ ನೆರೆದ ಜನರ ಸಂಭ್ರಮದ ಅಂಗವೂ ಆಗಿತ್ತು.

ಇಂತಹ ಉತ್ಸವನಾಟಕಗಳಲ್ಲಿ ಯಶಃಪಾಲನ ‘ಮೋಹರಾಜಪರಾಜಯ’ಕ್ಕೆ ವಿಶಿಷ್ಟವಾದ ಸ್ಥಾನವಿದೆ. ಐದು ಅಂಕಗಳ ಈ ನಾಟಕವು ಪ್ರಯೋಗಗೊಂಡದ್ದು ಥಾರಾಪದ್ರದ, ಎಂದರೆ ಉತ್ತರ ಗುಜರಾತಿನ ಇಂದಿನ ಥರಾದಿನ, ಕುಮಾರವಿಹಾರವೆಂಬ ಜಿನಾಲಯದಲ್ಲಿ. ಸಂದರ್ಭ, ಅಲ್ಲಿಯ ಮಹಾವೀರ ಪ್ರತಿಮೆಯ ಯಾತ್ರಾಮಹೋತ್ಸವ. ಬಸದಿಯ ಹೆಸರಿನಲ್ಲಿರುವ ಕುಮಾರ ಚಾಲುಕ್ಯ ದೊರೆ ಕುಮಾರಪಾಲ. ಆತನೇ ನಾಟಕದ ನಾಯಕ. ಆದರೆ ಆ ಹೊತ್ತಿಗೆ ಕುಮಾರಪಾಲನೂ ಅವನ ಗುರು ಹೇಮಚಂದ್ರಾಚಾರ್ಯರೂ ಗತಿಸಿದ್ದರು. ಪಟ್ಟದಲ್ಲಿದ್ದವನು ಅಜಯಪಾಲ (ಸುಮಾರು 1173-1176). ಕವಿ ಯಶಃಪಾಲನು ಈ ಹೊಸ ಅರಸನ ಸೇವೆಯಲ್ಲಿದ್ದವನು. ನಾಟಕದ ಮಹತ್ತ್ವವೆಲ್ಲ ಈ ಸನ್ನಿವೇಶದಲ್ಲಿದೆ.

ಕಥೆಯು ರೂಪಕಾತ್ಮಕವಾದುದು. ಕುಮಾರಪಾಲ, ಹೇಮಚಂದ್ರ ಮತ್ತು ವಿದೂಷಕರನ್ನು ಬಿಟ್ಟರೆ ಮುಖ್ಯಪಾತ್ರಗಳೆಲ್ಲ ಗುಣದೋಷಗಳ ಮೂರ್ತರೂಪಗಳು. ಮೋಹರಾಜನು ಜನಮನೋವೃತ್ತಿಯೆಂಬ ನಗರವನ್ನು ಮುತ್ತಿದ್ದಾನೆ. ಅಲ್ಲಿಯ ಅರಸ ವಿವೇಕಚಂದ್ರನು ಮಡದಿ ಶಾಂತಿಯನ್ನೂ ಮಗಳು ಕೃಪಾಸುಂದರಿಯನ್ನೂ ಕರೆದುಕೊಂಡು ಊರು ಬಿಟ್ಟಿದ್ದಾನೆ. ಜ್ಞಾನದರ್ಪಣನೆಂಬ ಗೂಢಚಾರನು ಈ ವಾರ್ತೆಯನ್ನು ತರುತ್ತಾನೆ. ಕುಮಾರಪಾಲನು ಕೃಪಾಸುಂದರಿಯನ್ನು ವರಿಸಬೇಕಾದರೆ ಎರಡು ಷರತ್ತುಗಳಿವೆ: ಸಪ್ತವ್ಯಸನಗಳನ್ನು ರಾಜ್ಯದಿಂದ ಹೊರಹಾಕಬೇಕು, ಮಕ್ಕಳಿಲ್ಲದೆ ಸತ್ತವರ ಆಸ್ತಿಯನ್ನು ಅರಮನೆಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕು. ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ ಜೈನ ಮುನಿಯನ್ನು ಪರಿಹಾಸ್ಯಕ್ಕೆ ಗುರಿಮಾಡಿದ್ದ ಇದೇ ನಾಟಕಪ್ರಕಾರವನ್ನು, ಯಶಃಪಾಲನು ನೆನಪಿನಲ್ಲಿ ಹಸಿರಾಗಿದ್ದ ಒಬ್ಬ ಅರಸನ ಚರಿತ್ರೆಗೆ ಅಳವಡಿಸಿದನು.

ಎರಡನೆಯ ಷರತ್ತು ಕವಿಕಲ್ಪನೆಯಲ್ಲ. ಅಪುತ್ರಿಕರ ಧನ ರಾಜನಿಗೆ ಸೇರಬೇಕೆಂಬುದು ಹಳೆಯ ಪದ್ಧತಿ. ಕಾಳಿದಾಸನ ‘ಅಭಿಜ್ಞಾನಶಾಕುಂತಲ’ದ ಆರನೆಯ ಅಂಕದಲ್ಲಿ ಹಡಗು ಮುಳುಗಿ ಮಡಿದ ಧನಮಿತ್ರನೆಂಬ ವರ್ತಕನ ಸೊತ್ತಿನ ಪ್ರಶ್ನೆ ದುಷ್ಯಂತನ ಮುಂದೆ ಬರುವುದು ಈ ಕಾರಣದಿಂದಲೇ. ಕನ್ನಡ ಶಾಸನಗಳಿಗೂ ‘ಅಪುತ್ರಿಕ’ ಎಂಬ ಮಾತು ಅಪರಿಚಿತವಲ್ಲ. ಕುಮಾರಪಾಲನು ಈ ಆದಾಯವನ್ನು ತ್ಯಜಿಸಿದನೆಂದು ಹೇಮಚಂದ್ರರು ‘ದ್ವ್ಯಾಶ್ರಯ’ ಕಾವ್ಯದಲ್ಲಿ ಹೇಳಿದ್ದಾರೆ.

ಮೂರನೆಯ ಅಂಕದಲ್ಲಿ ಈ ಸಂಗತಿ ರಂಗದ ಮೇಲೆ ಕಣ್ಣಿಗೆ ಕಟ್ಟುವಂತೆ ಬರುತ್ತದೆ. ನಗರದ ಕೋಟ್ಯಧೀಶ ಕುಬೇರನು ಕಡಲಿನಲ್ಲಿ ಅಳಿದನೆಂಬ ಸುದ್ದಿ ಬಂದಿದೆ. ಅವನಿಗೆ ಮಕ್ಕಳಿಲ್ಲ, ಸಿರಿಯಿಂದ ತುಂಬಿದ ಮನೆ ಗೋಳಿನಿಂದ ತುಂಬಿದೆ. ಪದ್ಧತಿಯಂತೆ ಎಲ್ಲವೂ ಅರಸನದಾಗಬೇಕು. ಅರಸನಾದರೋ ಅಳುವವರ ಮನೆಯ ಹಣವನ್ನು ಒಲ್ಲೆನೆನ್ನುತ್ತಾನೆ. ಬಳಿಕ ಕುಬೇರನೇ ನವವಧುವಿನೊಡನೆ ವಿಮಾನದಲ್ಲಿ ಬಂದಿಳಿಯುತ್ತಾನೆ. ಆ ದೃಶ್ಯಕ್ಕೆ ಪ್ರೇಕ್ಷಕರು ನಕ್ಕಿರಲೂಬಹುದು. ಆದರೆ ಉತ್ಸವಕ್ಕೆ ನೆರೆದ ಶ್ರಾವಕರಲ್ಲಿ ವಾಣಿಜ್ಯದ ಮನೆತನಗಳವರು ಹಲವರಿದ್ದಿರಬೇಕು. ದೂರದೇಶಕ್ಕೆ ಹೋದವನು ಮರಳದಿದ್ದರೆ ಮನೆಯ ಗತಿಯೇನು ಎಂಬ ಭಯ ಅವರ ಪಾಲಿಗೆ ರೂಪಕವಾಗಿರಲಿಲ್ಲ.

ನಾಲ್ಕನೆಯ ಅಂಕದಲ್ಲಿ ವ್ಯಸನಗಳ ಗಡೀಪಾರು. ಜೂಜು, ಮಾಂಸ, ಮದ್ಯ, ಕೊಲೆ, ಕಳವು ಮೊದಲಾದವು ಸುಮ್ಮನೆ ಹೊರಡುವುದಿಲ್ಲ. ಹಿಂದಿನ ಅರಸರು ತಮ್ಮನ್ನು ಇರಗೊಟ್ಟಿದ್ದರೆಂದೂ ಭಂಡಾರಕ್ಕೆ ತಮ್ಮಿಂದ ವರಮಾನ ಬರುತ್ತದೆಯೆಂದೂ ವಾದಿಸುತ್ತವೆ. ವೇಶ್ಯಾವ್ಯಸನಕ್ಕೆ ಮಾತ್ರ ಇದ್ದರೂ ಚಿಂತೆಯಿಲ್ಲವೆಂಬ ರಿಯಾಯಿತಿ ದೊರೆಯುತ್ತದೆ. ಸುಧಾರಣೆಯು ಎಲ್ಲಿ ನಿಂತಿತೆಂಬುದನ್ನೂ ಕವಿ ಮುಚ್ಚಿಟ್ಟಿಲ್ಲ. ಕೊನೆಯ ಅಂಕದಲ್ಲಿ ಹೇಮಚಂದ್ರರ ‘ಯೋಗಶಾಸ್ತ್ರ’ವನ್ನು ಕವಚವಾಗಿ ತೊಟ್ಟ ಕುಮಾರಪಾಲನು ಮೋಹರಾಜನನ್ನು ಸೋಲಿಸುತ್ತಾನೆ.

ಅಜಯಪಾಲನ ಕುರಿತು ಜೈನ ಪ್ರಬಂಧಗಳ ಅಭಿಪ್ರಾಯ ಕಠೋರವಾಗಿದೆ. ಮೇರುತುಂಗಾಚಾರ್ಯರ ‘ಪ್ರಬಂಧಚಿಂತಾಮಣಿ’ (1305) ಆತನು ಕುಮಾರಪಾಲನ ಕಾಲದ ದೇವಾಲಯಗಳನ್ನು ಕೆಡವಿಸತೊಡಗಿದನೆನ್ನುತ್ತದೆ. ಅದನ್ನು ನಿಲ್ಲಿಸಿದ್ದೂ ಒಂದು ಆಟವೇ ಎಂಬ ಕಥೆ ಅಲ್ಲಿದೆ. ವಿನೋದಗಾರನೊಬ್ಬನು ಅರಸನೆದುರು ಆಟದ ಗುಡಿಗಳನ್ನು ಕಟ್ಟಿ ಮಕ್ಕಳಿಗೆ ಒಪ್ಪಿಸುತ್ತಾನೆ. ಮಗನು ಒಡನೆಯೇ ಅವನ್ನು ಮುರಿದುಹಾಕುತ್ತಾನೆ. ಈ ಕೆಟ್ಟ ಅರಸನಾದರೂ ತಂದೆ ಸತ್ತ ಮೇಲೆ ಕೆಡವಿದನು, ನೀನು ಅಷ್ಟೂ ಕಾಯಲಿಲ್ಲವೆಂದು ಆತನು ಮಗನನ್ನು ಗದರುತ್ತಾನೆ. ಅರಸನು ನಾಚಿ ಕೈಬಿಟ್ಟನಂತೆ.

ಈ ಕಥೆ ಒಂದು ಶತಮಾನಕ್ಕೂ ಹೆಚ್ಚು ಕಾಲದ ಅನಂತರ ಬರೆದಿಟ್ಟದ್ದು. ‘ಮೋಹರಾಜಪರಾಜಯ’ ಸಮಕಾಲೀನ ಸಾಕ್ಷ್ಯ. ಅದರ ಸಾಕ್ಷ್ಯ ಬೇರೆಯದೇ ಆಗಿದೆ. ಅಜಯಪಾಲನ ಸೇವಕನೊಬ್ಬನು, ಅವನದೇ ಆಳ್ವಿಕೆಯಲ್ಲಿ, ಹಿಂದಿನ ಅರಸನ ಹೆಸರಿನ ಬಸದಿಯಲ್ಲಿ, ಆ ಅರಸನ ಕಟ್ಟಳೆಗಳನ್ನು ನೆರೆದ ಜನರ ಮುಂದೆ ಬಹಿರಂಗವಾಗಿ ಕೊಂಡಾಡುವುದು ಸಾಧ್ಯವಾಗಿತ್ತು. ಪ್ರಬಂಧಕಾರರು ಚಿತ್ರಿಸಿದ ದ್ವೇಷವನ್ನು ಯಥಾವತ್ತಾಗಿ ಒಪ್ಪುವ ಮುನ್ನ ಇತಿಹಾಸಕಾರನು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರಸನೊಬ್ಬನ ಆಜ್ಞೆಯನ್ನು ಮತ್ತೊಬ್ಬ ಅರಸನು ಅಳಿಸಬಲ್ಲನು. ಹಬ್ಬದ ದಿನ ಊರೆಲ್ಲ ಕೂತು ನೋಡಿದ ಕುಬೇರನ ಮನೆಯ ಅಂಕವನ್ನು ಅಳಿಸುವುದು ಅಷ್ಟು ಸುಲಭವಲ್ಲ. ಆ ನಾಟಕವು 1918ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಅಚ್ಚಾಗಿ, ಇಂದಿಗೂ ಓದಲು ದೊರೆಯುತ್ತದೆ.