ಹಿಂದಿನ ಸೀಟಿನ ಲೆಕ್ಕ

2025ರ ದೀಪಾವಳಿಗೆ ಬಂದ ಮಗ ಹೋಳಿಗೆ ತಿನ್ನುತ್ತಲೇ ಕಾರಿನ ಮಾತು ತೆಗೆದ. "ಅಮ್ಮ, ಟ್ಯಾಕ್ಸ್ ಇಳಿದಿದೆ. ಈಗ ತಗೊಂಡ್ರೆ ತಗೊಂಡ ಹಾಗೆ" ಎಂದ. ತಾನು ತರುವುದು ಬರೀ ಕಾರಲ್ಲ, ಎಸ್‌ಯುವಿ ಎಂದು ತಿದ್ದಿಯೂ ಹೇಳಿದ. ನಮ್ಮ ಚಿಕ್ಕಮಗಳೂರಿನ ಕಡೆ ಅದಕ್ಕೆಲ್ಲ 'ದೊಡ್ಡ ಗಾಡಿ' ಎಂದು ಒಂದೇ ಹೆಸರು. ಬೆಲೆ ಎಷ್ಟೋ ಎಂದು ಕೇಳಿದೆ. ಎಂಟೂಕಾಲು ಲಕ್ಷದಿಂದ ಶುರುವಾಗಿ ಹದಿಮೂರು ಲಕ್ಷದವರೆಗೂ ಇದೆಯಂತೆ. ತುಪ್ಪ ಬಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅಗ್ಗದ ಕಾರಿನವರು ಎಂದೇ ನಾವು ತಿಳಿದಿದ್ದ ಮಾರುತಿಯವರ ಗಾಡಿಗೇ ಈ ಬೆಲೆಯೆ?

ಪಕ್ಕದಲ್ಲಿ ಕುಳಿತಿದ್ದ ನಮ್ಮ ಅತ್ತಿಗೆ, ಎಂದರೆ ನಮ್ಮವರ ಅಕ್ಕ, ಬೆಲೆಯ ವಿಷಯವನ್ನೇ ಎತ್ತಲಿಲ್ಲ. "ಹಿಂದಿನ ಸೀಟಲ್ಲಿ ಕೂತೋರಿಗೆ ಏನಿದೆಯಪ್ಪ ಅದರಲ್ಲಿ?" ಎಂದು ಕೇಳಿದರು. ಮಗ ಉತ್ಸಾಹದಿಂದ ಸನ್‌ರೂಫ್ ವಿವರಿಸತೊಡಗಿದ. ಗುಂಡಿ ಒತ್ತಿದರೆ ಮಾಡು ಸರಿದು ಆಕಾಶ ಕಾಣುತ್ತದಂತೆ. "ಆಕಾಶ ನೋಡೋಕೆ ಅಂಗಳ ಇದೆಯಲ್ಲೋ" ಎಂದರು ಅತ್ತಿಗೆ. ಎಲ್ಲರೂ ನಕ್ಕೆವು. ಅವರು ಮಾತ್ರ ನಗಲಿಲ್ಲ. ಏಕೆಂದು ನನಗೆ ಗೊತ್ತಿತ್ತು.

ನಮ್ಮ ಸೀಮೆಗೆ ದೊಡ್ಡ ಗಾಡಿ ಹೊಸದೇನೂ ಅಲ್ಲ. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಕಾಫಿ ತೋಟಗಳಿಗೂ ಅವು ಬಂದವು. ತೋಟದ ಜೀಪಿನಲ್ಲಿ ಗೊಬ್ಬರದ ಮೂಟೆ, ಆಳುಗಳು, ಹೆರಿಗೆಗೆ ಹೊರಟ ಹೆಂಗಸು ಎಲ್ಲರಿಗೂ ಒಂದೇ ಮರ್ಯಾದೆ. ಅದು ಕೆಲಸದ ಗಾಡಿ. ಸಂಸಾರದ ಕಾರು ಎಂಬ ಕಲ್ಪನೆ ನಮ್ಮಂಥವರ ಮನೆಯೊಳಗೆ ಬಂದದ್ದು ಮಾರುತಿ 800ರಿಂದ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಬೀಗದ ಕೈಯನ್ನು ಹರ್‌ಪಾಲ್ ಸಿಂಗ್ ಎಂಬವರ ಕೈಗಿತ್ತರು. ಅಂದಿನ ಬೆಲೆ 47,500 ರೂಪಾಯಿಯ ಆಸುಪಾಸು. ಮುಂಗಡ ಕಟ್ಟಿ ಕಾದವರ ಸಾಲು ದೊಡ್ಡದಿತ್ತು. ಆ ಪುಟ್ಟ ಕಾರಿನಲ್ಲಿ ಗಂಡ ಹೆಂಡತಿ, ಅತ್ತೆ ಮಾವ, ಮೂರು ಮಕ್ಕಳು, ಉಪ್ಪಿನಕಾಯಿ ಭರಣಿ ಎಲ್ಲ ಹಿಡಿಸಿದ್ದನ್ನು ನೀವೂ ನೋಡಿರುತ್ತೀರಿ. ಹಿಡಿಸದಿದ್ದರೆ ಯಾರಾದರೊಬ್ಬರ ತೊಡೆ ಇದ್ದೇ ಇರುತ್ತಿತ್ತು.

ನಮಗೆ ಆ 800 ಕೂಡ ಬಂದದ್ದು ತಡವಾಗಿ. ಅದಕ್ಕೆ ಮುಂಚೆ ಊರಿಗೆ, ದೇವಸ್ಥಾನಕ್ಕೆ ಹೊರಟರೆ ಬಾಡಿಗೆ ಗಾಡಿ. 1994ರಲ್ಲಿ ಟಾಟಾದವರ ಸುಮೋ ಬಂದ ಮೇಲಂತೂ ಸ್ಟ್ಯಾಂಡಿನಲ್ಲಿ ಅಂಥ ಗಾಡಿಗಳದೇ ಸಾಲು. (ಸುಮೋ ಎಂದರೆ ಜಪಾನಿನ ಪೈಲ್ವಾನನ ಹೆಸರೆಂದು ಬಹಳ ದಿನ ನಂಬಿದ್ದೆ. ಅದು ಕಂಪನಿಯ ಮುಖ್ಯಸ್ಥರಾಗಿದ್ದ ಸುಮಂತ್ ಮೂಳ್ಗಾಂವ್‌ಕರ್ ಅವರ ಹೆಸರಿನ ಎರಡು ತುಣುಕಂತೆ.) ಅಂದಿನ ಬಾಡಿಗೆ ಗಾಡಿಗಳಲ್ಲಿ ಅನೇಕಕ್ಕೆ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಬೆಂಚುಗಳಿರುತ್ತಿದ್ದವು. ಗಂಡಸರು ಮುಂದೆ, ವಯಸ್ಸಾದವರು ನಡುವೆ, ಹೆಂಗಸರು ಮಕ್ಕಳು ಹಿಂದಿನ ಬೆಂಚಿಗೆ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ, ಆದರೂ ಅದು ಹಾಗೆಯೇ ನಡೆಯುತ್ತಿತ್ತು.

1997ರ ಬೇಸಗೆಯಲ್ಲಿ ನಾವು ಹದಿಮೂರು ಜನ ಧರ್ಮಸ್ಥಳಕ್ಕೆ ಹೊರಟೆವು. ಯಾವ ಗಾಡಿ ಎಂಬುದು ಇಲ್ಲಿ ಬೇಡ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಬಸ್ಸೊಂದು ಎದುರಾಯಿತು. ಡ್ರೈವರು ಬ್ರೇಕು ಒತ್ತಿದ. ಗಾಡಿ ಜಾರಿ ಧರೆಗೆ ಗುದ್ದಿ ನಿಂತಿತು. ದೊಡ್ಡ ಅಪಘಾತವಲ್ಲ, ಮುಂದೆ ಕುಳಿತವರಿಗೆ ತರಚುಗಾಯವೂ ಆಗಲಿಲ್ಲ. ಅಡ್ಡ ಬೆಂಚಿನ ಮೇಲೆ ಎರಡು ವರ್ಷದ ನನ್ನ ಮಗನನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತಿಗೆ ಮಾತ್ರ ಮುಂದಿನ ಸೀಟಿನ ಕಬ್ಬಿಣಕ್ಕೆ ಬಂದು ಬಡಿದರು. ಎರಡು ಕೈಯೂ ಮಗುವನ್ನು ಅವಚಿದ್ದವು, ಹಿಡಿದುಕೊಳ್ಳಲು ಕೈ ಎಲ್ಲಿತ್ತು? ಬಲಭುಜದ ಮೂಳೆ ಮುರಿಯಿತು. ಮಗುವಿಗೆ ಏನೂ ಆಗಲಿಲ್ಲ. ಇಂದಿಗೂ ಅವರಿಗೆ ಬಲಗೈ ಮೇಲೆತ್ತಿ ಜಡೆ ಹಾಕಿಕೊಳ್ಳಲಾಗುವುದಿಲ್ಲ. ಮುಂದಿನ ಸೀಟಿನವರಿಗೆ ಬೆಲ್ಟು ಕೊಡಬೇಕೆಂಬ ಕಾನೂನು 1994ರಿಂದಲೇ ಇತ್ತು. ಹಿಂದಿನವರ ಯೋಚನೆ ಆಗ ಕಾನೂನಿಗೂ ಬಂದಿರಲಿಲ್ಲ, ನಮಗೂ ಬಂದಿರಲಿಲ್ಲ.

ಮುಂದೆ ದೊಡ್ಡ ಗಾಡಿಯ ರೂಪವೇ ಬದಲಾಯಿತು. ಬಾಡಿಗೆ ಸ್ಟ್ಯಾಂಡಿನಿಂದ ಹೊರಟು ಮನೆಯ ಗೇಟಿನೊಳಕ್ಕೆ ಬಂತು. 2012ರಲ್ಲಿ ರೆನೋ ಕಂಪನಿಯ ಡಸ್ಟರ್ 7.19 ಲಕ್ಷಕ್ಕೆ ಬಂತು, ಮರುವರ್ಷ ಫೋರ್ಡ್‌ನವರ ಇಕೋಸ್ಪೋರ್ಟ್ 5.59 ಲಕ್ಷಕ್ಕೆ. ಈ ಎರಡನೆಯದರ ಹಿಂದೆ ಒಂದು ತಮಾಷೆಯ ಕತೆಯಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, ಎಂಜಿನ್ ಚಿಕ್ಕದಿರುವ ಕಾರುಗಳಿಗೆ ಸುಂಕ ಇಳಿಸಿದರು. ತಗೋ, ಎಲ್ಲ ಕಂಪನಿಗಳೂ ಟೇಪು ಹಿಡಿದು ಕುಳಿತವು. ರವಿಕೆ ಬಟ್ಟೆ ಸಾಲದಾದಾಗ ದರ್ಜಿ ತೋಳು ಗಿಡ್ಡ ಮಾಡುತ್ತಾನಲ್ಲ, ಹಾಗೆ ಹಿಂಭಾಗ ಕತ್ತರಿಸಿದ ಗಾಡಿಗಳು ಬಂದವು. 2016ರ ಮಾರ್ಚ್ 8ರಂದು ಮಾರುತಿಯವರು ಬಿಟ್ಟ ವಿಟಾರಾ ಬ್ರೆಜಾದ ಉದ್ದ 3,995 ಮಿಲಿಮೀಟರ್. ಗೆರೆಗೆ ಐದೇ ಐದು ಮಿಲಿಮೀಟರ್ ಕಡಿಮೆ!

ಮಗ ತರಹೊರಟದ್ದು ಈ ಬ್ರೆಜಾವನ್ನೇ. ಬೆಲೆ ಏರಿದೆ ಎಂದು ಬಯ್ಯುವ ಮೊದಲು ಲೆಕ್ಕ ಹಾಕಿಯೇ ನೋಡೋಣವೆಂದು ನಾನೂ ಹಾಲಿನ ಲೆಕ್ಕದ ಪುಸ್ತಕ ತೆಗೆದು ಕುಳಿತೆ. 2016ರಲ್ಲಿ ದೆಹಲಿ ಷೋರೂಮಿನ ಬೆಲೆ 6.99 ಲಕ್ಷದಿಂದ 9.68 ಲಕ್ಷ. 2022ರ ಜೂನ್ ಕೊನೆಗೆ ಹೊಸ ಬ್ರೆಜಾ ಬಂದಾಗ 7.99 ಲಕ್ಷದಿಂದ 13.96 ಲಕ್ಷ. ಅಂದರೆ ಕೆಳಗಿನ ದರ್ಜೆಯ ಗಾಡಿ ಆರು ವರ್ಷದಲ್ಲಿ ಏರಿದ್ದು ನೂರಕ್ಕೆ ಹದಿನಾಲ್ಕು. ಅದೇ ಜುಲೈನಲ್ಲಿ ನಮ್ಮ ಅಡುಗೆ ಸಿಲಿಂಡರು ಸಾವಿರ ರೂಪಾಯಿ ದಾಟಿತ್ತು. ಅದರ ಮುಂದೆ ಇದೇನು ಏರಿಕೆ? ಆದರೆ ಮೇಲಿನ ದರ್ಜೆಯದು ಏರಿದ್ದು ನೂರಕ್ಕೆ ನಲವತ್ತನಾಲ್ಕು. ಅದರಲ್ಲಿ ಗೇರು ತಾನೇ ಬದಲಾಗುವ ಸೌಲಭ್ಯವೂ ಸೇರಿತ್ತು ಎಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೂ ನಲವತ್ತನಾಲ್ಕು!

ನಮ್ಮವರು ಹೆಂಗಸರ ಲೆಕ್ಕ ಎಂದು ನಗುತ್ತಾರೆ, ಆದರೂ ಚಿನ್ನದ ಲೆಕ್ಕವನ್ನೂ ಹಾಕಿದೆ. 1983ರಲ್ಲಿ ಹತ್ತು ಗ್ರಾಮಿಗೆ ಸುಮಾರು 1,800 ರೂಪಾಯಿ. ಆಗಿನ ಮಾರುತಿ 800ಕ್ಕೆ 260 ಗ್ರಾಮು ಚಿನ್ನ ಬೇಕಿತ್ತು. 2016ರ ಬ್ರೆಜಾಕ್ಕೆ 240 ಗ್ರಾಮು. 2022ರದಕ್ಕೆ ಸುಮಾರು 150. 2025ರ ದೀಪಾವಳಿಯ ಹೊತ್ತಿಗೆ ಚಿನ್ನ ಹತ್ತು ಗ್ರಾಮಿಗೆ 1.20 ಲಕ್ಷ ಮೀರಿದ್ದರಿಂದ ಎಪ್ಪತ್ತು ಗ್ರಾಮೂ ಬೇಡ. ಆ ಲೆಕ್ಕದಲ್ಲಿ ದೊಡ್ಡ ಗಾಡಿ ಪುಕ್ಕಟೆ! ಆದರೆ ಸಂಬಳ ಚಿನ್ನದಲ್ಲಿ ಬರುವುದಿಲ್ಲ, ಕಂತು ಕಟ್ಟುವುದಕ್ಕೆ ಬಳೆ ಬಿಚ್ಚುವ ಕಾಲ ಯಾರಿಗೂ ಬರಬಾರದು. ಹೀಗಾಗಿ ಈ ಲೆಕ್ಕವನ್ನು ಹಾಕಿ ಅಲ್ಲಿಗೇ ಬಿಟ್ಟೆ.

ಏರಿದ ಹಣ ಹೋದದ್ದೆಲ್ಲಿಗೆ ಎಂದು ಹುಡುಕಿದರೆ ಮೊದಲು ಸಿಗುವುದು ಸರ್ಕಾರದ ಖಜಾನೆ. ಮೊದಲ ಬ್ರೆಜಾಕ್ಕೆ ಇದ್ದದ್ದು ಚಿಕ್ಕ ಡೀಸೆಲ್ ಎಂಜಿನ್. ಚಿಕ್ಕ ಕಾರಿನ ತೆರಿಗೆ. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ಕಟ್ಟಳೆ, ಬಿಎಸ್ 6, ಜಾರಿಗೆ ಬಂತು. ಮಾರುತಿಯವರು ಡೀಸೆಲ್ ಕೈಬಿಟ್ಟು 1,462 ಸಿಸಿಯ ಪೆಟ್ರೋಲ್ ಎಂಜಿನ್ ಹಾಕಿದರು. ಪೆಟ್ರೋಲಿನದಾದರೆ 1,200 ಸಿಸಿಯೊಳಗಿದ್ದರೆ ಮಾತ್ರ ಚಿಕ್ಕ ಕಾರು. ಉದ್ದ ಅಷ್ಟೇ ಇದ್ದರೂ ಗಾಡಿ ದೊಡ್ಡವರ ಪಂಕ್ತಿಗೆ ಹೋಗಿ ಕುಳಿತಿತು. ತೆರಿಗೆ, ಸೆಸ್ ಸೇರಿ ಶೇ. 31 ಇದ್ದದ್ದು ಶೇ. 45 ಆಯಿತು. 7.99 ಲಕ್ಷದಲ್ಲಿ ಎರಡೂವರೆ ಲಕ್ಷದಷ್ಟು ತೆರಿಗೆಯೇ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40ಕ್ಕೆ ಇಳಿಯಿತು; ಮಗ ಹೋಳಿಗೆ ತಿನ್ನುತ್ತ ಹೇಳಿದ್ದು ಇದನ್ನೇ. ಇನ್ನು ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಹತ್ತು ಲಕ್ಷದೊಳಗೆ ಶೇ. 14, ಅದು ದಾಟಿದರೆ ಶೇ. 17, ಅದರ ಮೇಲೆ ಸೆಸ್ಸು.

ಎರಡನೆಯದು ಕಣ್ಣಿಗೆ ಕಾಣದ ಖರ್ಚು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿತು. ಆಲ್ಟೊ, ನ್ಯಾನೊ, ಪೋಲೊ, ಫಿಗೊ, ಐ10. ಐದಕ್ಕೂ ಸೊನ್ನೆ. ನಾವೆಲ್ಲ ಅಗ್ಗ ಎಂದು ಹಿಗ್ಗಿದ್ದರಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಆಗ ಗೊತ್ತಾಯಿತು. ಆಮೇಲೆ ಕಾನೂನು ಒಂದೊಂದಾಗಿ ಬಿಗಿಯಾಯಿತು. 2019ರಲ್ಲಿ ಚಾಲಕನಿಗೆ ಏರ್‌ಬ್ಯಾಗು, ಜಾರದ ಎಬಿಎಸ್ ಬ್ರೇಕು. ಪಕ್ಕದವರಿಗೆ ಏರ್‌ಬ್ಯಾಗು ಸಿಗಲು 2021, ಹಳೆಯ ಮಾದರಿಗಳಲ್ಲಾದರೆ 2022ರವರೆಗೆ ಕಾಯಬೇಕಾಯಿತು. ಚಾಲಕನ ಪಕ್ಕದವರು ಎಂದರೆ ನಮ್ಮ ಮನೆಗಳಲ್ಲಿ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. 2016ರ ಬ್ರೆಜಾದ ಕೆಳಗಿನ ದರ್ಜೆಯಲ್ಲಿ ಗಂಡನಿಗೆ ಏರ್‌ಬ್ಯಾಗು ಬೆಲೆಯೊಳಗೇ ಇತ್ತು, ಹೆಂಡತಿಗೆ ಬೇಕಾದರೆ ಮೇಲೆ ದುಡ್ಡು ಕೊಡಬೇಕಿತ್ತು. 2018ರಲ್ಲಿ ಅದೇ ಸಂಸ್ಥೆ ಬ್ರೆಜಾವನ್ನು ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಐದಕ್ಕೆ ನಾಲ್ಕು ನಕ್ಷತ್ರ ಬಂದವು. ಮಕ್ಕಳ ರಕ್ಷಣೆಗೆ ಎರಡು. ಜಾಹೀರಾತಿನಲ್ಲಿ ನಾವು ನೋಡುವುದು ನಾಲ್ಕನ್ನು.

ಗಟ್ಟಿ ಕವಚಕ್ಕೆ, ಬ್ರೇಕಿಗೆ, ಹೊಗೆ ಶುದ್ಧಿಗೆ ಕೊಟ್ಟ ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ. ಅಷ್ಟು ವರ್ಷ ಅದನ್ನು ಕೊಡದೆ ಉಳಿಸಿದ್ದೇವೆ; ಉಳಿಸಿದ್ದರ ಬಡ್ಡಿಯನ್ನು ಅತ್ತಿಗೆಯಂಥವರು ಕಟ್ಟಿದ್ದಾರೆ. ನನ್ನ ಸಿಟ್ಟು ಬೇರೆಯದು. 2022ರ ಬ್ರೆಜಾದಲ್ಲಿ ಆರು ಏರ್‌ಬ್ಯಾಗುಗಳು ಸಿಗುತ್ತಿದ್ದದ್ದು ಎಲ್ಲಕ್ಕಿಂತ ಮೇಲಿನ ದರ್ಜೆಯಲ್ಲಿ ಮಾತ್ರ. ಹಿಂದೆ ಕುಳಿತವರ ತಲೆಗೆ ಬದಿಯಿಂದ ಪೆಟ್ಟಾಗದಂತೆ ಪರದೆಯ ಹಾಗೆ ಇಳಿಯುವ ಚೀಲಗಳೂ ಆ ಆರರಲ್ಲೇ ಸೇರಿವೆ. ಅದು ಬೇಕಾದರೆ ಜೊತೆಗೆ ಸನ್‌ರೂಫನ್ನೂ ಕೊಳ್ಳಬೇಕು, ಗಾಜಿನ ಮೇಲೆ ವೇಗ ಮೂಡಿಸುವ ಯಂತ್ರವನ್ನೂ ಕೊಳ್ಳಬೇಕು, ಸುತ್ತ ನಾಲ್ಕೂ ಕಡೆ ತೋರಿಸುವ ಕ್ಯಾಮೆರಾವನ್ನೂ ಕೊಳ್ಳಬೇಕು. ರೇಷನ್ ಅಂಗಡಿಯವನು ಸಕ್ಕರೆ ಬೇಕಿದ್ದರೆ ಸೋಪೂ ತಗೊಳ್ಳಿ ಎನ್ನುತ್ತಿದ್ದನಲ್ಲ, ಅದೇ ವ್ಯಾಪಾರ. ಮೇಲಿನ ದರ್ಜೆಯ ನಲವತ್ತನಾಲ್ಕರ ಏರಿಕೆಯನ್ನು ಸಮರ್ಥಿಸಲು ನನ್ನಿಂದಾಗದು. ಆರೂ ಕಡ್ಡಾಯ ಎಂಬ ಕರಡು ನಿಯಮವನ್ನು 2022ರಲ್ಲಿ ಕೇಂದ್ರ ಸರ್ಕಾರ ತಂದಿತು, ಒಂದು ವರ್ಷ ಮುಂದೂಡಿತು, ಆಮೇಲೆ ಕಡ್ಡಾಯ ಮಾಡುವುದಿಲ್ಲ ಎಂದಿತು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಗಿ, ಕೊಳ್ಳುವವರೇ ನಕ್ಷತ್ರ ಎಣಿಸತೊಡಗಿದರು. ಕೊನೆಗೆ 2025ರಲ್ಲಿ ಬ್ರೆಜಾದ ಎಲ್ಲ ದರ್ಜೆಗಳಿಗೂ ಆರು ಬಂದವು. ಎಂಟೂಕಾಲು ಲಕ್ಷದ್ದಕ್ಕೂ.

ಈ ಪುಟವನ್ನು ಮಗನ ಮುಂದೆ ಹಿಡಿದೆ. ಅವನು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡ. ಗೆಳೆಯರೆಲ್ಲರ ಗಾಡಿಗೂ ಸನ್‌ರೂಫ್ ಇದೆಯಂತೆ. ಸೊಸೆ ಮಾತ್ರ ಮಗುವಿನ ಸೀಟು ಬಿಗಿಯುವ ಕೊಕ್ಕೆ ಎಲ್ಲಿದೆ ಎಂದು ಮೊಬೈಲಿನಲ್ಲಿ ಹುಡುಕತೊಡಗಿದಳು. ಕಡೆಗೆ ಕೆಳಗಿನಿಂದ ಎರಡನೆಯ ದರ್ಜೆಯದನ್ನು ಬುಕ್ ಮಾಡಿದರು. ಹತ್ತು ಲಕ್ಷದ ಗೆರೆಯೊಳಗೇ ಉಳಿದದ್ದರಿಂದ ರಸ್ತೆ ತೆರಿಗೆಯಲ್ಲೂ ಒಂದಿಷ್ಟು ಉಳಿಯಿತು. ಉಳಿದದ್ದರಲ್ಲಿ ಎರಡು ವರ್ಷದ ಮೊಮ್ಮಗಳಿಗೆ ಒಳ್ಳೆಯ ಸೀಟು ಬಂತು. ಅವಳು ಅದರಲ್ಲಿ ಕೂರಲು ಒಪ್ಪದೆ ಅಜ್ಜಿಯ ತೊಡೆ ಬೇಕೆಂದು ಅತ್ತಳು.

"ತೊಡೆ ಇಲ್ಲ, ಅಲ್ಲೇ ಕೂತ್ಕೋ" ಎಂದರು ಅತ್ತಿಗೆ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ. ಆಮೇಲೆ ತಮ್ಮ ಬೆಲ್ಟು ಎಳೆದುಕೊಳ್ಳಲು ಹೋದರು. ಅದು ಬಲಭುಜದ ಮೇಲಿತ್ತು; ಕೈ ಅಷ್ಟು ದೂರ ಹೋಗಲಿಲ್ಲ. ಮಗ ಡ್ರೈವರ್ ಸೀಟಿನಿಂದ ಇಳಿದು ಬಂದು, ಬೆಲ್ಟು ಎಳೆದು ಸಿಕ್ಕಿಸಿ, ಮತ್ತೆ ಮುಂದೆ ಹೋಗಿ ಕುಳಿತ.