ಸೋತವರು ಬರೆದ ಚರಿತ್ರೆ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಅಲ್ಲಿಂದ 1877ರವರೆಗಿನ ಅವಧಿಗೆ ಪುನರ್ನಿರ್ಮಾಣ ಯುಗವೆಂದು ಹೆಸರು. ಸಂವಿಧಾನದ 13, 14 ಮತ್ತು 15ನೆಯ ತಿದ್ದುಪಡಿಗಳು ಬಂದದ್ದು ಆಗಲೇ. ಗುಲಾಮಗಿರಿ ರದ್ದಾಯಿತು, ಬಿಡುಗಡೆಯಾದವರು ಪೌರರಾದರು, ಕಪ್ಪು ಗಂಡಸರಿಗೆ ಮತದ ಹಕ್ಕು ಸಿಕ್ಕಿತು. 1870ರಲ್ಲಿ ಮಿಸಿಸಿಪಿಯ ಹೈರಮ್ ರೆವೆಲ್ಸ್ ಸೆನೆಟ್‌ನ ಮೊದಲ ಕಪ್ಪು ಸದಸ್ಯರಾದರು. ದಕ್ಷಿಣದ ರಾಜ್ಯಗಳಲ್ಲಿ ಸರ್ಕಾರಿ ಶಾಲೆಗಳು ಬೇರೂರಿದವು. ಜೊತೆಜೊತೆಗೇ ಬಿಳಿಯರ ಗುಪ್ತ ಸಂಘಟನೆಯಾದ ಕು ಕ್ಲುಕ್ಸ್ ಕ್ಲಾನ್‌ನ ಕೊಲೆ, ಸುಲಿಗೆ, ಬೆದರಿಕೆಗಳೂ ನಡೆದವು. ಹನ್ನೆರಡೇ ವರ್ಷಗಳ ಈ ಕಾಲದ ಕಥೆಯನ್ನು ಇತಿಹಾಸಕಾರರು ಮತ್ತೆ ಮತ್ತೆ ತಿದ್ದಿ ಬರೆಯಬೇಕಾಯಿತು.

ಮೊದಲ ಪಾಠ ಸಿದ್ಧವಾದದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು ಒಂದೊಂದು ರಾಜ್ಯದ ಇತಿಹಾಸವನ್ನೂ ಬರೆದರು. ಕಪ್ಪು ಜನರಿಗೆ ಮತ ಕೊಟ್ಟದ್ದೇ ತಪ್ಪು, ಅದರಿಂದಲೇ ಲೂಟಿ, ಲಂಚ, ಅರಾಜಕತೆ ಬಂತು ಎಂಬುದು ಅವರ ವಾದದ ತಿರುಳು. 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರ ಇಂಥದೇ ಕಥೆಯನ್ನು ತೆರೆಗೆ ತಂದು ಕ್ಲಾನ್ ಸದಸ್ಯರನ್ನು ವೀರರನ್ನಾಗಿ ತೋರಿಸಿತು; ಶ್ವೇತಭವನದಲ್ಲೂ ಅದರ ಪ್ರದರ್ಶನ ನಡೆಯಿತು. ಅಷ್ಟರಲ್ಲಾಗಲೇ ದಕ್ಷಿಣದ ರಾಜ್ಯಗಳು ಮತ ತೆರಿಗೆ, ಅಕ್ಷರ ಪರೀಕ್ಷೆಗಳ ಮೂಲಕ ಕಪ್ಪು ಮತದಾರರನ್ನು ಪಟ್ಟಿಯಿಂದ ಹೊರಹಾಕಿದ್ದವು. ಆ ಅನ್ಯಾಯಕ್ಕೆ ಪಂಡಿತರ ಗ್ರಂಥಗಳು ಸಮರ್ಥನೆ ಒದಗಿಸಿದವು.

ಈ ವಾದವನ್ನು ನೇರವಾಗಿ ಎದುರಿಸಿದವರು ಕಪ್ಪು ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್. 1935ರ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ನಲ್ಲಿ ಅವರು ಕಪ್ಪು ದುಡಿಮೆಗಾರರನ್ನು ಕಥೆಯ ನಡುವೆ ನಿಲ್ಲಿಸಿದರು. ಯುದ್ಧಕಾಲದಲ್ಲಿ ಗುಲಾಮರು ತೋಟಗಳನ್ನು ಬಿಟ್ಟು ಉತ್ತರದ ಸೇನೆಯ ಕಡೆ ನಡೆದದ್ದನ್ನು ಸಾರ್ವತ್ರಿಕ ಮುಷ್ಕರವೆಂದು ಕರೆದರು. ಕೊನೆಯ ಅಧ್ಯಾಯದಲ್ಲಿ ಆಗಿನ ಶಾಲಾ ಪಠ್ಯಗಳನ್ನು ಮುಂದಿಟ್ಟುಕೊಂಡು, ಇತಿಹಾಸದ ಹೆಸರಿನಲ್ಲಿ ನಡೆಯುತ್ತಿದ್ದ ಪ್ರಚಾರವನ್ನು ಬಯಲಿಗೆಳೆದರು. ವೃತ್ತಿಪರ ಇತಿಹಾಸಕಾರರ ಮುಖ್ಯ ನಿಯತಕಾಲಿಕೆ ಆ ಪುಸ್ತಕದ ವಿಮರ್ಶೆಯನ್ನೇ ಪ್ರಕಟಿಸಲಿಲ್ಲ.

ಗಾಳಿ ತಿರುಗಿದ್ದು ನಾಗರಿಕ ಹಕ್ಕುಗಳ ಚಳವಳಿಯ ಕಾಲಕ್ಕೆ. ಜಾನ್ ಹೋಪ್ ಫ್ರ್ಯಾಂಕ್ಲಿನ್ 1961ರಲ್ಲಿ, ಕೆನೆತ್ ಸ್ಟ್ಯಾಂಪ್ 1965ರಲ್ಲಿ ಬರೆದ ಪುಸ್ತಕಗಳು ಡನಿಂಗ್ ಪಂಥದ ಬುಡ ಅಲುಗಾಡಿಸಿದವು. 1965 ಮತದಾನ ಹಕ್ಕು ಕಾಯ್ದೆ ಬಂದ ವರ್ಷವೂ ಹೌದು. ಎಲ್ಲವನ್ನೂ ಒಟ್ಟುಗೂಡಿಸಿದ ದೊಡ್ಡ ಗ್ರಂಥ 1988ರಲ್ಲಿ ಹೊರಬಂತು. ಅದನ್ನು ಬರೆದ ಎರಿಕ್ ಫೋನರ್ ಕಲಿಸುತ್ತಿದ್ದದ್ದು ಡನಿಂಗ್ ಕಲಿಸಿದ್ದ ಕೊಲಂಬಿಯಾದಲ್ಲೇ. ಪುನರ್ನಿರ್ಮಾಣವನ್ನು ಅವರು ಮುಗಿಯದೆ ಉಳಿದ ಕ್ರಾಂತಿಯಾಗಿ ಕಂಡರು.

ಆಮೇಲಿನವರು ವಿಧಾನಸಭೆಗಳಿಂದ ಬೀದಿಗಿಳಿದರು. ಟೆರಾ ಹಂಟರ್ 1997ರಲ್ಲಿ ದಕ್ಷಿಣದ ಕಪ್ಪು ಹೆಂಗಸರ ದುಡಿಮೆಯನ್ನು ಚಿತ್ರಿಸುತ್ತ, ಕೂಲಿ ದರಕ್ಕಾಗಿ 1881ರಲ್ಲಿ ಮುಷ್ಕರ ಹೂಡಿದ ಅಟ್ಲಾಂಟಾದ ಬಟ್ಟೆ ಒಗೆಯುವವರ ಕಥೆ ಹೇಳಿದರು. 2003ರಲ್ಲಿ ಸ್ಟೀವನ್ ಹಾನ್, ಹಳ್ಳಿಗಾಡಿನ ಕಪ್ಪು ಜನ ಬಂಧುಬಳಗದ ಬಲದಿಂದ ರಾಜಕೀಯ ಕಟ್ಟಿಕೊಂಡ ಬಗೆಯನ್ನು ಶೋಧಿಸಿದರು.

ಪುನರ್ನಿರ್ಮಾಣ ಸೋತಿತು ಎಂಬ ಮಾತು ಅರ್ಧ ಸತ್ಯ. ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದ 1954ರ ತೀರ್ಪು, ಸಲಿಂಗ ವಿವಾಹಕ್ಕೆ ಮನ್ನಣೆ ಕೊಟ್ಟ 2015ರ ತೀರ್ಪು, ಎರಡೂ ನಿಂತಿರುವುದು ಆ ಕಾಲದ 14ನೆಯ ತಿದ್ದುಪಡಿಯ ಮೇಲೆ.